ಕೂಗಿದರೂ ಏಳಬೇಡ ಎಂದವನು ನಾನು

ದ್ಯಾವಮ್ಮ, ನಿನ್ನ ತಾಯಿ ಕೋರ್ಟಿಗೆ ಬರುತ್ತಿದ್ದಳು. ಪ್ರತಿ ತಾರೀಖಿಗೂ ಬರುತ್ತಿದ್ದಳು. ಬರಲಿಲ್ಲ ಎಂದು ಹೇಳಿದವನು ನಾನು. ಆಕೆಯ ಬಾಯಿಂದಲೇ ಹಾಗೆ ಹೇಳಿಸಿದವನೂ ನಾನೇ — ಆಕೆಯ ವಕೀಲ.

ಇದನ್ನು ನಿನಗೊಬ್ಬಳಿಗೇ ಹೇಳಿ ಮುಗಿಸಬಹುದಿತ್ತು. ಆದರೆ ಸುಳ್ಳು ಹೇಳಿದ್ದು ನಾಲ್ಕು ಜನರ ಎದುರಿಗೆ. ನಿಜವನ್ನು ಮಾತ್ರ ಮೂಲೆಗೆ ಕರೆದು ಪಿಸುಗುಟ್ಟಿದರೆ ಅದೂ ಇನ್ನೊಂದು ವಕೀಲಿಕೆಯೇ ಆಗುತ್ತದೆ. ಅದಕ್ಕೇ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಯನ್ನೂ ನಡುನಡುವೆ ಹೇಳಬೇಕಾಗುತ್ತದೆ — ಉಳಿದವರಿಗೆ ಗೊತ್ತಾಗಬೇಕಲ್ಲ. ಸ್ವಲ್ಪ ತಾಳಿಕೋ.

ನಿಮ್ಮೂರಲ್ಲಿ ಆಗ ಗಿರಣಿ ಇರಲಿಲ್ಲ. ಜೋಳದ ಚೀಲ ತಲೆಯ ಮೇಲೆ ಹೊತ್ತು ಪಕ್ಕದೂರಿಗೆ ನಡೆಯಬೇಕು, ಅಲ್ಲಿ ಕರೆಂಟು ಇಲ್ಲದಿದ್ದರೆ ಹೊತ್ತದ್ದನ್ನು ಹಾಗೆಯೇ ಹೊತ್ತು ವಾಪಸ್ಸು ಬರಬೇಕು. ನಿನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ನೀನು ಕೈಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದೆ. ದೇವದುರ್ಗದ ಕಡೆಯ ಊರುಗಳಿಗೆ ಸುಗ್ಗಿ ಮುಗಿಯುವುದೇ ತಡ, ಮೇಸ್ತ್ರಿಗಳು ಬಂದು ಕೂರುತ್ತಾರೆ. ನಿಮ್ಮ ಮನೆಯ ಕಟ್ಟೆಯ ಮೇಲೂ ಒಬ್ಬ ಬಂದು ಕೂತಿದ್ದ — ಪುಣೆಯಲ್ಲಿ ಕಟ್ಟಡದ ಕೆಲಸ, ಕೂಸನ್ನೂ ಕರೆದುಕೊಂಡು ಬಾ ಎಂದು. ನಿನ್ನ ತಾಯಿ ಮಾಳವ್ವನಿಗೆ ಮಾತ್ರ ಒಂದೇ ಹಟ. ಮಗಳು ಇಟ್ಟಿಗೆ ಹೊರಬಾರದು. ಮನೆಯ ಮುಂದೆ ಒಂದು ಗಿರಣಿ ಹಾಕಿಕೊಟ್ಟರೆ ಊರಿನ ಹಿಟ್ಟೆಲ್ಲ ನಿನ್ನ ಕೈಯಿಂದಲೇ ಹೋಗುತ್ತದೆ, ನೀನು ಊರಲ್ಲೇ ಉಳಿಯುತ್ತೀಯ ಎನ್ನುವುದು ಆಕೆಯ ಲೆಕ್ಕ.

ಆಕೆ ಮಾನ್ವಿಯ ಯಂತ್ರದ ವ್ಯಾಪಾರಿಯೊಬ್ಬನ ಹತ್ತಿರ ಹೋಗಿ ಮಾತು ಮುಗಿಸಿ ಬಂದಳು. ನಿಮ್ಮ ಮನೆಯ ಹಿಂಡಿನ ಅರ್ಧ ಕುರಿ ಅವನಿಗೆ. ಯುಗಾದಿಯೊಳಗೆ ಗಿರಣಿಯನ್ನು ತಂದು ನಿಮ್ಮ ಮನೆಯ ಮುಂದೆ ಕೂಡಿಸಿ, ತಿರುಗಿಸಿ ತೋರಿಸುವುದು ಅವನ ಹೊಣೆ. ಛಾಪಾ ಕಾಗದದ ಮೇಲೆ ಬರೆದದ್ದೂ ಆಯಿತು. ಕುರಿ ಹೋದವು. ಗಿರಣಿ ಬರಲಿಲ್ಲ. ಇವತ್ತು, ನಾಳೆ, ಕೊಯಮತ್ತೂರಿಂದ ಮಾಲು ಬಂದಿಲ್ಲ ಎಂದು ಆಡಿಸಿದ ಅವನು ಕೊನೆಗೆ, ಏನು ಮಾಡ್ಕೋತಿ ಮಾಡ್ಕೋ ಎಂದು ಬಾಗಿಲು ಹಾಕಿಕೊಂಡ. ಆಗ ಯಾರೋ ನನ್ನ ಹೆಸರು ಹೇಳಿದರು. ಹೇಳಿದವರ ಬಾಯಿಗೆ ಅವತ್ತು ಹಲ್ಲುನೋವಾದರೂ ಬರಬಾರದಾಗಿತ್ತೇ.

ಆಕೆ ರಾಯಚೂರಿಗೇ ಬಂದಿದ್ದಳು, ಸ್ಟೇಷನ್ ರಸ್ತೆಯ ನನ್ನ ಆಫೀಸಿಗೆ. ಕುರ್ಚಿಯ ಮೇಲೆ ಕೂಡಲಿಲ್ಲ.

"ಯಪ್ಪಾ, ನನಗ ಕುರಿ ವಾಪಸ್ ಬ್ಯಾಡ, ರೊಕ್ಕಾನೂ ಬ್ಯಾಡ. ಗಿರಣಿ ಬೇಕು. ಗಿರಣಿ ಗುರ್ ಅಂತಂದ್ರ ನನ್ನ ಮಗಳು ಮನಿಯಾಗ ಇರ್ತಾಳ" ಎಂದಳು.

ಬರೆದ ಕರಾರು ಕೈಯಲ್ಲಿತ್ತು, ಸಹಿ ಹಾಕಿದ ಸಾಕ್ಷಿಗಳು ಬದುಕಿದ್ದರು. ಗೆಲ್ಲುವುದಕ್ಕೆ ದೊಡ್ಡ ವಕೀಲನೇನೂ ಬೇಕಿರಲಿಲ್ಲ. ಕೆಲಸ ಮಾಡುವ ವಕೀಲನಾದರೆ ಸಾಕಿತ್ತು.

ನಾನು ಮಾಡಲಿಲ್ಲ. ಯಾಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಲಂಚ ತಿಂದಿದ್ದೆನೇ — ಇಲ್ಲ. ಆ ವ್ಯಾಪಾರಿಯ ಹೆದರಿಕೆಯೇ — ಅದೂ ಇಲ್ಲ. ತಿಂದಿದ್ದರೆ, ಹೆದರಿದ್ದರೆ, ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ನಿಜವಾದ ಕಾರಣ ಸೋಮಾರಿತನ, ಜೊತೆಗೆ ದೊಡ್ಡಸ್ತಿಕೆ. ರಾಯಚೂರಿನಲ್ಲಿ ರೈಸ್‌ಮಿಲ್ಲಿನವರ ಕೇಸುಗಳು ಬರತೊಡಗಿದ್ದವು, ಕಾರಿನವರು ಆಫೀಸಿನ ಮುಂದೆ ನಿಲ್ಲತೊಡಗಿದ್ದರು. ನಿನ್ನ ತಾಯಿಯ ಕೇಸು ಇದ್ದದ್ದು ದೇವದುರ್ಗದ ಕೋರ್ಟಿನಲ್ಲಿ; ಗಬ್ಬೂರಿನ ಮೇಲೆ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನ ಮಣ್ಣುಪಾಲು ಎನ್ನಿಸುತ್ತಿತ್ತು. ಹೋದ ದಿನವೂ ಏನನ್ನೂ ಓದಿಕೊಂಡು ಹೋಗುತ್ತಿರಲಿಲ್ಲ. ಓದದೆ ಹೋದವನಿಗೆ ಕೋರ್ಟಿನಲ್ಲಿ ಒಂದೇ ದಾರಿ — ತಾರೀಖು ಮುಂದಕ್ಕೆ ಹಾಕಿಸುವುದು. ಅದಕ್ಕೆ ಎಲ್ಲಕ್ಕಿಂತ ಸಲೀಸಾದ ಮಾತೊಂದಿದೆ: ನಮ್ಮ ಕಕ್ಷಿದಾರರು ಬಂದಿಲ್ಲ ಸ್ವಾಮಿ, ಕಾಲಾವಕಾಶ ಬೇಕು.

ಆದರೆ ಆಕೆ ಬಂದಿರುತ್ತಿದ್ದಳಲ್ಲ! ಬೆಳಗಿನ ಬಸ್ಸಿಗೆ ಬಂದು, ರೊಟ್ಟಿ ಬುತ್ತಿ ಮಡಿಲಲ್ಲಿ ಇಟ್ಟುಕೊಂಡು, ಆವರಣದ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದಳು. ಬಾಗಿಲಲ್ಲಿ ನಿಂತು ಜವಾನ ಮೂರು ಸಲ ಹೆಸರು ಕೂಗುವುದು ಕೋರ್ಟಿನ ರೂಢಿ. ಕೂಗಿಗೆ ಎದ್ದು ಬಂದವರು ಹಾಜರು, ಬಾರದವರು ಗೈರು. ಹೀಗಾಗಿ ಮೊದಲನೆಯ ತಾರೀಖಿನಲ್ಲೇ ಆಕೆಗೆ ಹೇಳಿಬಿಟ್ಟೆ:

"ನಿನ್ನ ಹೆಸರು ಕೂಗ್ತಾರ. ಕೂಗಿದ್ರೂ ಏಳಬ್ಯಾಡ. ನಾ ಬಂದು ಕರದಾಗ ಅಷ್ಟ ಬಾ. ಒಳಗ ಹೋಗಿ ಏನರ ಅಂದಿ ಅಂದ್ರ ಕೇಸು ಕೆಡತದ ನೋಡು."

"ಆತು ಯಪ್ಪಾ" ಎಂದಳು.

ಎಷ್ಟೋ ವಕೀಲರು ಕಕ್ಷಿದಾರರನ್ನು ಹೀಗೆ ಹೊರಗೆ ಕೂಡಿಸುತ್ತಾರೆ, ಅದರಲ್ಲೇನು ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರು ಕೂಗಿದಾಗಲೆಲ್ಲ ಆಕೆ ಕತ್ತು ಎತ್ತಿ ನನ್ನ ಕಡೆ ನೋಡುತ್ತಿದ್ದಳು. ನಾನು ಜಗುಲಿಯಿಂದಲೇ ಅಂಗೈ ಕೆಳಗೆ ಮಾಡಿ, ಕೂಡು, ಎಂದು ಸನ್ನೆ ಮಾಡುತ್ತಿದ್ದೆ. ಆಕೆ ಕೂಡುತ್ತಿದ್ದಳು. ಒಳಗೆ ಹೋಗಿ ನಾನು, ಬಂದಿಲ್ಲ, ಎನ್ನುತ್ತಿದ್ದೆ.

ಬಸ್ಸಿನ ಚಾರ್ಜು ನೀನು ಕೊಡುತ್ತಿದ್ದೆ ಎಂದು ನನಗೆ ಗೊತ್ತಿತ್ತು, ದ್ಯಾವಮ್ಮ. ಹೆಣ್ಣುಮಕ್ಕಳಿಗೆ ಬಸ್ಸು ಇನ್ನೂ ಪುಕ್ಕಟೆಯಾಗಿರದ ಕಾಲ ಅದು. ನೀನು ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ ತಂದ ಕೂಲಿಯಲ್ಲಿ ಆಕೆ ತಿಕೀಟು ತೆಗೆಸುತ್ತಿದ್ದಳು. ಗೊತ್ತಿದ್ದೂ — ಛೇ.

ಇಂಥದ್ದರಲ್ಲಿ ಅಳೆಯುವವರು ಬಂದರು.

ಯಾರಾದರೂ ಕರಾರು ಮುರಿದರೆ ಈ ದೇಶದ ಕೋರ್ಟುಗಳು ಅದನ್ನು ಎಷ್ಟು ಚೆನ್ನಾಗಿ ನಡೆಸಿಕೊಡುತ್ತವೆ — ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ, ಎಲ್ಲಿ ತಡವಾಗುತ್ತದೆ, ಯಾರಿಂದ ತಡವಾಗುತ್ತದೆ — ಇದನ್ನು ಅಳೆಯುವ ಒಂದು ತಂಡ ಬೆಂಗಳೂರಿನಿಂದ ಬಂದಿತ್ತು. ದೊಡ್ಡ ಶಹರಗಳನ್ನಷ್ಟೇ ಅಳೆದರೆ ದೇಶವನ್ನು ಅಳೆದಂತಾಗುವುದಿಲ್ಲವೆಂದು ರಾಯಚೂರು, ಮಾನ್ವಿ, ದೇವದುರ್ಗಗಳನ್ನೂ ಆರಿಸಿಕೊಂಡಿದ್ದರು. ಅವರಿಗೆ ಇಲ್ಲಿಯ ದಾರಿ ತೋರಿಸುವ, ಕಡತಗಳ ಭಾಷೆ ಬಿಡಿಸಿ ಹೇಳುವ ವಕೀಲನೊಬ್ಬ ಬೇಕಾಗಿದ್ದ. ನನ್ನನ್ನು ಕೇಳಿದರು. ನಾನು ಹಿಗ್ಗಿ ಹೀರೆಕಾಯಿಯಾದೆ. ತಂಡದ ಅನುಪಮಾ ಎನ್ನುವ ಹುಡುಗಿ ನನ್ನನ್ನು ಎಲ್ಲರಿಗೂ, ಇವರು ನಮ್ಮ ಸ್ಥಳೀಯ ತಜ್ಞರು, ಎಂದು ಪರಿಚಯಿಸುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ.

ಚೀಟಿ ಎತ್ತಿದ ಹಾಗೆ ಕೆಲವು ಕೇಸುಗಳನ್ನು ಆರಿಸಿದರು. ದೇವದುರ್ಗದಲ್ಲಿ ಎತ್ತಿದ್ದರಲ್ಲಿ ನಿನ್ನ ತಾಯಿಯ ಕೇಸೂ ಬಂತು. ಇದು ನನ್ನದೇ ಕೇಸು, ಬೇರೆಯದನ್ನು ತಗೊಳ್ಳಿ ಎಂದಾದರೂ ನಾನು ಹೇಳಬಹುದಿತ್ತು.

ಅವತ್ತು ತಾರೀಖು ಇತ್ತು. ಜಗುಲಿಯ ಮೇಲೆ ನಿಂತು ಅನುಪಮಾ ಕೇಳಿದಳು:

"ಸರ್, ಕರಾರು ಬರವಣಿಗೆಯಲ್ಲೇ ಇದೆ, ಸಾಕ್ಷಿಗಳಿದ್ದಾರೆ. ಆದ್ರೂ ಯಾಕೆ ಮುಂದಕ್ಕೆ ಹೋಗ್ತಾನೇ ಇದೆ? ಎಲ್ಲಾ ಕಡೆ ವಾದಿ ಗೈರು ಅಂತಾನೇ ಇದೆಯಲ್ಲ?"

ಎದುರಿಗೆ ತಂಡದವರಿದ್ದರು, ನಾಲ್ಕಾರು ವಕೀಲರಿದ್ದರು. ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನಮ್ಮ ಕಡಿ ಜನಾನ ಹಿಂಗ ನೋಡ್ರಿ ಮೇಡಂ. ಕೇಸು ಹಾಕ್ತಾರ, ಆಮ್ಯಾಲ ಈ ಕಡಿ ಹೊಳ್ಳಿ ಸುದ್ದಾ ನೋಡಂಗಿಲ್ಲ. ನಾವು ಫೋನ್ ಹಚ್ಚಿ ಹಚ್ಚಿ ಸಾಕಾಗಿ ಹೋಗತದ."

ಹಿಂದೆ ಯಾರೋ ಕೆಮ್ಮಿದ ಸದ್ದು. ಬಿಸಿಲು ಜಾಸ್ತಿಯೆಂದು ಅವತ್ತು ನಿನ್ನ ತಾಯಿ ಗಿಡ ಬಿಟ್ಟು ಜಗುಲಿಯ ಕೆಳಗಿನ ನೆರಳಿಗೆ ಬಂದು ಕೂತಿದ್ದಳು — ನನ್ನ ಕಾಲ ಹತ್ತಿರವೇ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅನುಪಮಾ, ಇವರು ಯಾರು, ಎಂದಳು.

"ನಾನೇ ಮಾಳವ್ವ ಅದೀನಿ, ಯವ್ವಾ" ಎಂದಳು ನಿನ್ನ ತಾಯಿ.

"ಅಮ್ಮಾ, ನೀವೇನಾ! ಹಿಂದಿನ ತಾರೀಖುಗಳಿಗೆ ಬರ್ತಿದ್ರಾ?"

ಆಕೆ ನನ್ನ ಮುಖ ನೋಡಿದಳು. ನಾನು — ಬೇಕೆಂದೇ ಮಾಡಿದೆನೋ, ರೂಢಿಯಿಂದ ಆಯಿತೋ, ಹೇಗೆ ಹೇಳಲಿ — ಅಂಗೈಯನ್ನು ಮೆಲ್ಲಗೆ ಕೆಳಗೆ ಮಾಡಿದೆ.

"ಇಲ್ಲವ್ವ, ಬಂದಿಲ್ಲ. ಇವತ್ತ ಬಂದೀನಿ ನೋಡು" ಎಂದುಬಿಟ್ಟಳು ನಿನ್ನ ತಾಯಿ.

ಅನುಪಮಾ, ಪಾಪ, ಬರೆದುಕೊಂಡಳು. ಅವಳದೇನೂ ತಪ್ಪಿಲ್ಲ. ಕಕ್ಷಿದಾರಳನ್ನೇ ಎದುರಿಗೆ ಕೇಳಿದ್ದಾಳೆ, ಕಕ್ಷಿದಾರಳೇ ಬಾಯಿಬಿಟ್ಟು ಹೇಳಿದ್ದಾಳೆ. ಇದಕ್ಕಿಂತ ಸರಿಯಾಗಿ ಅಳೆಯುವುದು ಹೇಗೆ?

ತಂಡದವರು ಚಹಾಕ್ಕೆ ಹೋದ ಮೇಲೆ ನಿನ್ನ ತಾಯಿ ನನ್ನ ಹತ್ತಿರ ಬಂದಳು. ಆಕೆಯ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ಇವತ್ತು ಇಷ್ಟು ಸಾಯುತ್ತಿರಲಿಲ್ಲ. ಸಿಟ್ಟಿರಲಿಲ್ಲ. ಯಾರಿಗೂ ಕೇಳದಂತೆ ದನಿ ತಗ್ಗಿಸಿ ಕೇಳಿದಳು:

"ಯಪ್ಪಾ, ನಾ ಬಂದಿಲ್ಲ ಅಂದ್ರ ಕೇಸಿಗಿ ಚೊಲೋ ಆಗತದೇನು?"

ಆಕೆ ಅದನ್ನು ಕೋರ್ಟಿನ ಒಂದು ಉಪಾಯ ಎಂದುಕೊಂಡಿದ್ದಳು. ತಿಳಿದ ವಕೀಲ ಹೇಳಿದ್ದಾನೆ ಎಂದ ಮೇಲೆ ಅದರಲ್ಲಿ ಏನೋ ಇರಬೇಕು ಎಂದುಕೊಂಡಿದ್ದಳು. ಆ ಕ್ಷಣಕ್ಕೆ ನನಗೆ ಎರಡು ದಾರಿ ಇದ್ದವು. ನಾನು ಹಿಡಿದದ್ದು ಇದು:

"ಹೂಂ. ಹಂಗ ಹೇಳಬೇಕಾಗತದ. ಇನ್ನ ಮುಂದ ಯಾರ್ ಕೇಳಿದ್ರೂ ಹಂಗ ಹೇಳು. ಮಗಳ ಮುಂದನೂ ಬಾಯಿ ಬಿಡಬ್ಯಾಡ."

ಮಗಳ ಮುಂದನೂ ಎಂದು ಯಾಕೆ ಸೇರಿಸಿದೆ, ಬಲ್ಲೆಯಾ? ನೀನು ಶಾಲೆ ಕಲಿತವಳು. ಅದಕ್ಕೂ ಮೊದಲು ಒಂದು ಸಲ ನೀನೇ ನನಗೆ ಫೋನು ಮಾಡಿ, ತಾರೀಖಿನ ದಿನ ಒಳಗೆ ಏನು ನಡೀತು ಎಂದು ಬಿಡಿಸಿ ಬಿಡಿಸಿ ಕೇಳಿದ್ದೆ. ನಿನ್ನ ಕಿವಿಗೆ ಬಿದ್ದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆ ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಅದರ ಮುಂದಿನ ತಾರೀಖಿನಂದು ನಾನು ದೇವದುರ್ಗಕ್ಕೆ ಹೋಗಲೇ ಇಲ್ಲ. ರಾಯಚೂರಿನ ಹೋಟೆಲೊಂದರ ಸಭಾಂಗಣದಲ್ಲಿ ತಂಡದವರು ಸಭೆ ಕರೆದಿದ್ದರು. ನಾನು ಅಲ್ಲಿ ವೇದಿಕೆಯ ಮೇಲಿದ್ದೆ. ಕೋರ್ಟುಗಳಲ್ಲಿ ತಡವಾಗುವುದಕ್ಕೆ ಕಾರಣಗಳೇನು ಎಂಬುದು ನನ್ನ ವಿಷಯ. ನಾನು ಮೈಕಿನ ಮುಂದೆ ಮಾತಾಡುತ್ತಿದ್ದ ಹೊತ್ತಿಗೆ ಅಲ್ಲಿ ದೇವದುರ್ಗದಲ್ಲಿ ನಿನ್ನ ತಾಯಿಯ ಹೆಸರು ಮೂರು ಸಲ ಕೂಗಿದರು. ಆಕೆ ಗಿಡದ ಕೆಳಗೇ ಇದ್ದಳು, ಕೇಳಿಸಿಕೊಂಡಳು, ಏಳಲಿಲ್ಲ. ನಾನು ಬಂದು ಕರೆದಿರಲಿಲ್ಲವಲ್ಲ. ವಾದಿಯೂ ಇಲ್ಲ, ವಕೀಲನೂ ಇಲ್ಲ. ಕೇಸು ವಜಾ ಆಯಿತು.

ಹೀಗೆ ವಜಾ ಆದ ಕೇಸನ್ನು ಮತ್ತೆ ತೆರೆಸಲು ದಾರಿಯಿದೆ. ಅವತ್ತು ಬಾರದೆ ಇದ್ದುದಕ್ಕೆ ಸರಿಯಾದ ಕಾರಣ ಕೊಡಬೇಕು, ಅಷ್ಟೇ. ನಾನು ಅರ್ಜಿ ಬರೆದೆ. ವಾದಿಗೆ ಜ್ವರ ಬಂದಿತ್ತು ಎಂದು ಬರೆದು ಆಕೆಯ ಹೆಬ್ಬೆಟ್ಟು ಒತ್ತಿಸಿದೆ. ಏನು ಬರೆದಿದ್ದೇನೆಂದು ಓದಿ ಹೇಳುವ ಗೋಜಿಗೂ ಹೋಗಲಿಲ್ಲ. ಆಕೆಯನ್ನು ಯಾರು ಕೇಳುತ್ತಾರೆ ಎನ್ನುವ ಧಿಮಾಕು.

ನ್ಯಾಯಾಧೀಶರು ಕೇಳಿದರು. ಒಳ್ಳೆಯ ಮನುಷ್ಯ, ಸಮಾಧಾನದ ಮನುಷ್ಯ. ಆಕೆಯನ್ನು ಹತ್ತಿರ ಕರೆದು, ಹೆದರಬೇಡಮ್ಮ, ನಿಜ ಇದ್ದದ್ದು ಹೇಳು, ಅವತ್ತು ಕೋರ್ಟಿಗೆ ಬಂದಿದ್ದೆಯಾ, ಎಂದರು.

ಬಂದಿದ್ದೆ ಸಾಹೇಬ್ರ, ಹೊರಗ ಕುಂತಿದ್ದೆ, ವಕೀಲರು ಏಳಬ್ಯಾಡ ಅಂದಿದ್ರು — ಇಷ್ಟು ಅಂದಿದ್ದರೆ ಸಾಕಿತ್ತು. ಅವತ್ತೇ ಕೇಸು ಮತ್ತೆ ತೆರೆಯುತ್ತಿತ್ತು. ನನ್ನ ಮಾನ ಹೋಗುತ್ತಿತ್ತು, ನಿನ್ನ ಗಿರಣಿ ಉಳಿಯುತ್ತಿತ್ತು. ಆಕೆ ತಿರುಗಿ ನನ್ನನ್ನು ನೋಡಿದಳು. ನಾನು ಈ ಸಲ ಸನ್ನೆ ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ; ನಾನು ಕಲಿಸಿದ್ದು ಆಕೆಗೆ ಬಾಯಿಪಾಠವಾಗಿತ್ತು. ಸೆರಗು ಸರಿಮಾಡಿಕೊಂಡು, ದನಿ ಎತ್ತಿ, ಗಟ್ಟಿಯಾಗಿ ಹೇಳಿದಳು:

"ಇಲ್ರಿ ಸಾಹೇಬ್ರ. ನಾ ಒಂದು ತಾರೀಖಿಗೂ ಬಂದಿಲ್ರಿ."

ಒಂದು ತಾರೀಖಿಗೂ ಯಾಕೆ ಬರಲಿಲ್ಲ ಎಂದರು. ಅದಕ್ಕೆ ಉತ್ತರವನ್ನು ನಾನು ಆಕೆಗೆ ಕಲಿಸಿರಲಿಲ್ಲ. ನ್ಯಾಯಾಧೀಶರು ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿದೆ. ಅರ್ಜಿ ಬಿದ್ದುಹೋಯಿತು. ಅವರಾದರೂ ಇನ್ನೇನು ಮಾಡಬೇಕಿತ್ತು? ಕೇಳಬೇಕಾದವರನ್ನೇ ಕೇಳಿದ್ದರು.

ಹೊರಗೆ ಬಂದ ಮೇಲೆ ಆಕೆ ನನ್ನ ಹಿಂದೆ ಹಿಂದೆಯೇ ಬಂದಳು. ಏನಾಯಿತೆಂದು ಆಕೆಗೆ ಇನ್ನೂ ತಿಳಿದಿರಲಿಲ್ಲ. "ಚೊಲೋ ಹೇಳಿದ್ನೇನು, ಯಪ್ಪಾ?" ಎಂದಳು.

"ಚೊಲೋ ಹೇಳಿದಿ" ಎಂದೆ.

ಕೇಸು ಹೋಯಿತೆಂದು ಆಕೆಗೆ ಹೇಳಲು ನನಗೆ ಧೈರ್ಯ ಬಂದದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಫೋನಿನಲ್ಲಿ. ಮೇಲಿನ ಕೋರ್ಟಿಗೆ ಹೋಗಬಹುದಿತ್ತು. ಅದನ್ನು ಹೇಳಲೇ ಇಲ್ಲ. ಹೋದರೆ ಅಲ್ಲಿ ಬೇರೆ ವಕೀಲ ಕಡತ ಬಿಚ್ಚುತ್ತಾನೆ, ಆಕೆಯನ್ನು ಕೂಡಿಸಿಕೊಂಡು ಕೇಳುತ್ತಾನೆ — ಆ ಭಯ.

ಆದೇಶದ ನಕಲು ನಿಮ್ಮ ಮನೆಗೆ ಬಂದಾಗ ಓದಿದವಳು ನೀನು. ವಾದಿ ಯಾವ ತಾರೀಖಿಗೂ ಹಾಜರಾಗಿಲ್ಲವೆಂದು ತಾನೇ ಒಪ್ಪಿಕೊಂಡಿದ್ದಾಳೆ ಎಂದು ಅದರಲ್ಲಿ ಇತ್ತು. ಆಮೇಲೆ ನಡೆದದ್ದನ್ನು ನಿಮ್ಮೂರವರು ನನಗೆ ಹೇಳಿದ್ದಾರೆ. ನೀನು ಅಂಗಳದಲ್ಲಿ ನಿಂತು, ನನ್ನ ಕೂಲಿ ರೊಕ್ಕ ತಗೊಂಡು ಬಸ್ ಹತ್ತಿ ಎಲ್ಲಿಗಿ ಹೋಗತಿದ್ದಿ ಬೇ, ಎಂದು ಕೂಗಾಡಿದೆಯಂತೆ. ಆಕೆ ಉತ್ತರ ಕೊಡಲಿಲ್ಲವಂತೆ. ಹೆತ್ತ ಮಗಳ ಮುಂದೆ ಕಳ್ಳಿಯ ಹಾಗೆ ನಿಂತಳೇ ಹೊರತು, ವಕೀಲನಿಗೆ ಕೊಟ್ಟ ಮಾತು ಮುರಿಯಲಿಲ್ಲ. ನೋಡು ದ್ಯಾವಮ್ಮ, ಈ ಇಡೀ ಪ್ರಕರಣದಲ್ಲಿ ಕರಾರಿಗೆ ತಪ್ಪದೆ ನಡೆದವಳು ಆಕೆಯೊಬ್ಬಳೇ.

ಅದೇ ವಾರ ನೀನು ಮೇಸ್ತ್ರಿಯ ಲಾರಿ ಹತ್ತಿದೆ. ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟೆ.

ತಂಡದವರ ವರದಿ ಬಂತು. ನಿನ್ನ ತಾಯಿಯ ಕೇಸು ಅದರಲ್ಲಿ ಇತ್ಯರ್ಥವಾದ ಕೇಸುಗಳ ಸಾಲಿಗೆ ಸೇರಿತ್ತು. ವಜಾ ಆದರೂ ಮುಗಿದದ್ದು ಮುಗಿದಂತೆಯೇ ತಾನೇ. ತಡಕ್ಕೆ ಕಾರಣ, ಕಕ್ಷಿದಾರರ ಗೈರುಹಾಜರಿ. ಕೊನೆಯಲ್ಲಿ ನನಗೆ ಕೃತಜ್ಞತೆ ಹೇಳಿದ್ದರು. ಆ ಪುಟ ತೆರೆದು ಹೆಂಡತಿಗೆ ತೋರಿಸಿದ್ದೆ.

ಈ ವರ್ಷ ಮತ್ತೆ ಅಳೆಯಲು ಬಂದರು. ಅನುಪಮಾ ಈಗ ತಂಡಕ್ಕೆ ಮುಖ್ಯಸ್ಥೆ, ತಲೆಯಲ್ಲಿ ಒಂದೆರಡು ಬೆಳ್ಳಿಕೂದಲು. ನನ್ನ ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತ ಕೇಳಿದಳು:

"ಸರ್, ದೇವದುರ್ಗದ ಆ ಅಮ್ಮ ಹೇಗಿದ್ದಾರೆ? ನಾನು ನೋಡಿದ ಆ ಒಂದು ದಿನ ಬಿಟ್ರೆ ಒಂದು ಸಲಾನೂ ಕೋರ್ಟಿಗೆ ಬರಲಿಲ್ಲ ಅಂತಿದ್ರಲ್ಲ. ನಾನು ಎಲ್ಲಿ ಪಾಠ ಮಾಡಿದ್ರೂ ಅವರದೇ ಉದಾಹರಣೆ ಕೊಡ್ತೀನಿ."

ಎಲ್ಲೆಲ್ಲಿ ಪಾಠ ಮಾಡಿದ್ದಾಳೋ. ಎಷ್ಟು ಊರಿನ ಹುಡುಗರು ನಿನ್ನ ತಾಯಿಯ ಕಥೆ ಕೇಳಿ ತಲೆದೂಗಿದ್ದಾರೋ. ಹೇಳಿಬಿಟ್ಟೆ. ಎಲ್ಲವನ್ನೂ, ಅಂಗೈಯ ಸನ್ನೆ ಸಹಿತ. ಅವಳು ಕಪ್ಪನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ, "ಅವರು ಅಲ್ಲೇ ಕೂತಿದ್ರಲ್ಲ ಸರ್, ನನ್ನ ಕಣ್ಮುಂದೇನೇ" ಎಂದಳು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ನನ್ನ ಮೇಲೆ ನಾನೇ ವಕೀಲರ ಪರಿಷತ್ತಿಗೆ ದೂರು ಬರೆದು ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅದರಿಂದ ನಿಮ್ಮ ಮನೆಯ ಮುಂದೆ ಗಿರಣಿ ತಿರುಗುವುದಿಲ್ಲ ಎಂದು ಬಲ್ಲೆ.

ಹೋದ ಭಾನುವಾರ ನಿಮ್ಮೂರಿಗೆ ಹೋಗಿದ್ದೆ. ನಿನ್ನ ತಾಯಿಗೆ ಕಣ್ಣು ಮಂಜಾಗಿದೆ, ಆದರೂ ದನಿಯಿಂದ ಗುರುತು ಹಿಡಿದಳು. ಬರ್ರಿ ಯಪ್ಪಾ ಎಂದು ಕಂಬಳಿ ಹಾಸಿದಳು. ನಾನು ಅದರ ಮೇಲೆ ಕೂಡಲಿಲ್ಲ. ನೆಲದ ಮೇಲೆ ಕೂತು ಹೇಳಿದೆ — ನೀನು ಬಂದಿಲ್ಲ ಎಂದದ್ದರಿಂದ ಕೇಸಿಗೆ ಚೊಲೋ ಆಗಲಿಲ್ಲವ್ವ, ಅದರಿಂದಲೇ ಕೆಟ್ಟಿತು, ನನ್ನ ಮೈಗಳ್ಳತನ ಮುಚ್ಚಿಕೊಳ್ಳಲು ನಿನ್ನಿಂದ ಹಾಗೆ ಹೇಳಿಸಿದೆ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು ನನಗೆ.

ನಾನು ಕೂಡದ ಕಂಬಳಿಯನ್ನು ಆಕೆ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು:

"ಹಂಗಾದ್ರ, ನಾ ಬಂದಿದ್ದೆ ಅಂತ ಈಗ ಮಗಳಿಗಿ ಹೇಳಬೌದೇನ್ರಿ, ಯಪ್ಪಾ?"

ನನ್ನ ಅಪ್ಪಣೆ ಕೇಳುತ್ತಿದ್ದಳು. ಇಷ್ಟೂ ವರ್ಷ, ಕರೆಯುವ ತನಕ ಏಳಬಾರದೆಂದು, ಅಲ್ಲೇ ಕೂತಿದ್ದಳು ನಿನ್ನ ತಾಯಿ.

ಹೇಳವ್ವ, ಹೇಳು ಎಂದೆ. ಆಕೆ ಸೊಂಟದ ಚೀಲದಿಂದ ಸಣ್ಣ ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ನಿನ್ನ ನಂಬರು ಒತ್ತಿಕೊಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ನಿಂತಿತು. ಇನ್ನೊಮ್ಮೆ ಹಚ್ಚಿಕೊಟ್ಟೆ. ನೀನು ಎತ್ತಲಿಲ್ಲ.

"ಕೆಲಸದಾಗ ಇರಬೇಕು" ಎಂದಳು.

ಆಕೆ ದಿನಾ ಸಂಜೆ ಪಕ್ಕದ ಮನೆಯ ಹುಡುಗಿಯ ಕೈಯಿಂದ ನಂಬರು ಒತ್ತಿಸಿಕೊಳ್ಳುತ್ತಿದ್ದಾಳಂತೆ. ನನ್ನನ್ನು ಕ್ಷಮಿಸೆಂದು ಕೇಳಲಾರೆ, ಕೇಳುವ ಮುಖ ನನಗಿಲ್ಲ. ಕೇಳುವುದು ಒಂದೇ, ದ್ಯಾವಮ್ಮ. ಇವತ್ತು ನಿಮ್ಮವ್ವನ ಫೋನು ಬಂದರೆ, ಎತ್ತು.